ದಿನಕ್ಕೆ ಸಾವಿರ ರೂಪಾಯಿ: ಕಾರವಾರ, ಗೋಕರ್ಣ, ಶಿರಸಿ ಒಂಟಿ ತಿರುಗಾಟಕ್ಕೆ ಸಾಕೇ?

ಮೊದಲ ಚೀಲ · ನವೆಂಬರ್ 3

ಧಾರವಾಡದಿಂದ ಬರೆಯುತ್ತಿದ್ದೇನೆ. ಈ ತಿಂಗಳ 15ರ ಶನಿವಾರ ಹೊರಟು ಏಳು ರಾತ್ರಿ ಒಬ್ಬನೇ ತಿರುಗಬೇಕೆಂದಿದ್ದೇನೆ. ಬೆನ್ನಿಗೊಂದು ಚೀಲ, ಜೇಬಿನಲ್ಲಿ 7,000 ರೂಪಾಯಿ. ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾ, ಮುರುಡೇಶ್ವರ, ಶಿರಸಿ ಎಂದು ಪಟ್ಟಿ ಮಾಡಿಕೊಂಡಿದ್ದೇನೆ. ಗೋಕರ್ಣದಲ್ಲಿ ಎರಡು ರಾತ್ರಿ, ಉಳಿದ ಕಡೆ ಒಂದೊಂದು. ದಿನದ ಲೆಕ್ಕ ಹೀಗಿದೆ: ಮಲಗಲು 400, ಊಟ ತಿಂಡಿಗೆ 300, ಓಡಾಟಕ್ಕೆ 200, ಇತರೆ 100. ಸಾವಿರಕ್ಕೆ ಸರಿಯಾಗಿ ಮುಗಿಯುತ್ತದೆ. ಎಲ್ಲಿ ತಪ್ಪಿದ್ದೇನೆ ಎಂದು ಆ ಕಡೆಯವರು ಹೇಳಿದರೆ ಉಪಕಾರವಾಗುತ್ತದೆ. ತಪ್ಪಿಲ್ಲ ಎಂದರೆ ಇನ್ನೂ ಸಂತೋಷ.

ಕುಮಟೆಯ ಸಂತೆ · ನವೆಂಬರ್ 3

ಅಂಕಿಗಳಲ್ಲಿ ದೊಡ್ಡ ತಪ್ಪಿಲ್ಲ. ಪ್ರತಿದಿನವೂ ಒಂದೇ ತರಹದ ದಿನ ಎಂದುಕೊಂಡಿದ್ದೀರಲ್ಲ, ತಪ್ಪು ಇರುವುದು ಅಲ್ಲಿ. ತಿರುಗಾಟದಲ್ಲಿ ಇರುವ ದಿನ ಬೇರೆ, ಹೋಗುವ ದಿನ ಬೇರೆ. ಒಂದೇ ಊರಿನಲ್ಲಿ ಎರಡನೆಯ ದಿನ ಎದ್ದಾಗ ಚಹಾ ಎಲ್ಲಿ ಹತ್ತು ರೂಪಾಯಿ, ಎಲ್ಲಿ ಇಪ್ಪತ್ತೈದು ಎಂದು ಗೊತ್ತಿರುತ್ತದೆ, ಚೀಲ ಕೋಣೆಯಲ್ಲಿರುತ್ತದೆ, ಕಾಲು ಪುಕ್ಕಟೆ. ಊರು ಬದಲಿಸುವ ದಿನ ಹಾಗಲ್ಲ. ಚೀಲ ಹೊತ್ತು ಬಿಸಿಲಿನಲ್ಲಿ ಇಳಿದ ಮನುಷ್ಯ ಮೊದಲು ಕಂಡ ಆಟೋ ಹತ್ತುತ್ತಾನೆ, ಮೊದಲು ಕಂಡ ಹೋಟೆಲಿನಲ್ಲಿ ಉಣ್ಣುತ್ತಾನೆ, ಮೂರನೆಯ ಲಾಡ್ಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಕೇಳಿದಷ್ಟು ಕೊಡುತ್ತಾನೆ. ನಾನೇ ಕೊಟ್ಟಿದ್ದೇನೆ.

ನನ್ನ ಅಂದಾಜು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಇರುವ ದಿನಕ್ಕೆ ಸುಮಾರು 850, ಹೋಗುವ ದಿನಕ್ಕೆ ಸುಮಾರು 1,250. ನಿಮ್ಮ ಪಟ್ಟಿಯಲ್ಲಿ ಆರು ಹೋಗುವ ದಿನ, ಒಂದೇ ಒಂದು ಇರುವ ದಿನ. ಒಟ್ಟು 8,350. ಅದೇ ಏಳು ರಾತ್ರಿಯನ್ನು ಕಾರವಾರ ಎರಡು, ಗೋಕರ್ಣ ಮೂರು, ಶಿರಸಿ ಎರಡು ಎಂದು ಹಂಚಿಕೊಳ್ಳಿ. ಮೂರು ಹೋಗುವ ದಿನ, ನಾಲ್ಕು ಇರುವ ದಿನ: 7,150. ಹೊಟ್ಟೆಗೆ ಕಡಿಮೆ ಮಾಡದೆ 1,200 ಉಳಿಯಿತು. ನಮ್ಮ ಊರು ಕುಮಟಾವನ್ನೇ ಪಟ್ಟಿಯಿಂದ ತೆಗೆಯಿರಿ ಎನ್ನುತ್ತಿದ್ದೇನೆ, ಹಾಗಾಗಿ ನನಗೆ ಸ್ವಾರ್ಥವಿಲ್ಲ ಎಂದು ನಂಬಬಹುದು. ಮುರುಡೇಶ್ವರದ 123 ಅಡಿಯ ಶಿವ ಎಲ್ಲಿಗೂ ಹೋಗುವುದಿಲ್ಲ, ಇನ್ನೊಮ್ಮೆ ಬನ್ನಿ.

ಹಳೆ ಸೈಕಲ್ · ನವೆಂಬರ್ 3

ಸಾವಿರ ರೂಪಾಯಿ ಬೇಕೇ? ನಾವು 1990ರ ದಶಕದಲ್ಲಿ ದೇವಸ್ಥಾನದ ಜಗಲಿಯಲ್ಲಿ ಮಲಗಿ, ಅವಲಕ್ಕಿ ಮಜ್ಜಿಗೆ ಕಲಸಿಕೊಂಡು ಭಟ್ಕಳದಿಂದ ಕಾರವಾರದವರೆಗೆ ಹೋಗಿದ್ದೆವು. ಖರ್ಚೆಂದರೆ ಪಂಕ್ಚರ್ ಮಾತ್ರ.

ಒಂಟಿ ಪಯಣ · ನವೆಂಬರ್ 4

ಹಳೆ ಸೈಕಲ್ ಅವರೇ, ನೀವು ಜಗಲಿಯಲ್ಲಿ ಮಲಗಿದಿರಿ. ನಾನು ಮಲಗಲಾರೆ. ಹೆಂಗಸು ಒಬ್ಬಳೇ ಹೊರಟಾಗ ಲೆಕ್ಕದ ಪುಸ್ತಕವೇ ಬೇರೆ, ಅದನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಬಸ್ಸಿನ ಸಾಲಿನಲ್ಲಿ ನನಗೆ ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಕಾರವಾರದಿಂದ ಮಡಗಾಂವಿಗೆ ಹೋಗುತ್ತೇನೆಂದರೂ ನಡೆಯುವುದಿಲ್ಲ. ಏಳು ದಿನಕ್ಕೆ ಇದರಿಂದ ಐದಾರು ನೂರು ಉಳಿಯುತ್ತದೆ ಎಂದುಕೊಳ್ಳಿ.

ಆದರೆ ಅದರ ಎರಡರಷ್ಟು ಕೋಣೆಗೆ ಹೋಗುತ್ತದೆ. 500ರ ಲಾಡ್ಜಿನ ಬಾಗಿಲಿಗೆ ಚಿಲಕ ಸರಿಯಿಲ್ಲದಿದ್ದರೆ ನಾನು 900ರದ್ದಕ್ಕೆ ಹೋಗಲೇಬೇಕು. ಒಂದು ಊರಿನಲ್ಲಿ ಫೋನಿನಲ್ಲಿ ಕೋಣೆ ಇದೆ ಎಂದವರು, ಚೀಲ ಹೊತ್ತು ಬಂದವಳು ಒಬ್ಬಳೇ ಎಂದು ಕಂಡೊಡನೆ ಇಲ್ಲ ಎಂದರು. ಆ ಸಂಜೆ 1,400ರ ಕೋಣೆಯಲ್ಲಿ ಮಲಗಿದೆ. ಕತ್ತಲಾಗುವ ಮೊದಲು ಊರು ಮುಟ್ಟಬೇಕೆಂಬ ನಿಯಮದಿಂದಾಗಿ ಅರ್ಧ ದಿನ ಕಳೆದುಕೊಂಡದ್ದೂ ಖರ್ಚೇ. ಆದ್ದರಿಂದ ನನ್ನ ಸರಾಸರಿ ಇದೇ ಕರಾವಳಿಯಲ್ಲಿ 1,300ಕ್ಕಿಂತ ಕೆಳಗೆ ಇಳಿದಿಲ್ಲ. ಗೋಕರ್ಣದಲ್ಲಿ ಮಾತ್ರ ಹೆಂಗಸರಿಗೇ ಮೀಸಲಾದ ಡಾರ್ಮಿಟರಿ ಸಿಗುವುದರಿಂದ ಅಲ್ಲಿ ನನಗೂ ಗಂಡಸರಿಗೂ ದರ ಒಂದೇ.

ಹಳೆ ಸೈಕಲ್ · ನವೆಂಬರ್ 4

ಒಪ್ಪಿದೆ. ಜಗಲಿಯ ಮಾತು ಹಿಂದಕ್ಕೆ ಪಡೆದೆ. ಪಂಕ್ಚರಿನದು ಮಾತ್ರ ಉಳಿಯಲಿ.

ಕಾಳಿ ದಂಡೆ · ನವೆಂಬರ್ 4

ಕಾರವಾರದವನು. ಊಟದ 300 ಸಾಕು, ಆದರೆ ನಮ್ಮಲ್ಲಿ ಒಂದು ಬಲೆ ಇದೆ. ಮೀನಿನ ಊಟ ಎಂದು ಹಲಗೆಯ ಮೇಲೆ ಬರೆದಿರುವುದು ಸುಮಾರು 150ರಿಂದ 200. ಅದರಲ್ಲಿ ಅನ್ನ, ಸಾರು, ಒಂದು ತುಂಡು, ಸೋಲಕಡಿ. ಬಲೆ ಬೀಳುವುದು ಪಕ್ಕದಲ್ಲಿ ಕೂತವನ ತಟ್ಟೆಯಲ್ಲಿ ಇಸವಣ ಮೀನಿನ ಹುರಿದ ಹೋಳು ಕಂಡಾಗ. ಅದಕ್ಕೆ ಹಲಗೆಯಲ್ಲಿ ದರ ಇರುವುದಿಲ್ಲ, ಆ ದಿನದ ದರ. ಕೇಳದೆ ತಂದುಕೊಂಡರೆ ಊಟ 200, ಹೋಳು 350. ಬಂಗಡೆ ಅಥವಾ ತಾರ್ಲೆ ಕೇಳಿ, ಅದೇ ದುಡ್ಡಿನಲ್ಲಿ ಮೂರು ಸಲ ಉಣ್ಣುತ್ತೀರಿ. ನವೆಂಬರ್ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಬಂದವರು ನಮ್ಮ ಊರಿನ ಮೀನು ದುಬಾರಿ ಎಂದು ಬೈದುಕೊಂಡು ಹೋಗುತ್ತಾರೆ.

ರೈಲಿನಲ್ಲಿ ಬರುವವರಿಗೂ ಒಂದು ಮಾತು. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಾರವಾರ. ಆದರೆ ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಬಸ್ಸಿನಲ್ಲಿ ಬಂದರೆ ನೇರವಾಗಿ ಪೇಟೆ ನಡುವೆ ಇಳಿಯುತ್ತೀರಿ, ಕಡಲತೀರಕ್ಕೆ ನಡೆದೇ ಹೋಗಬಹುದು. ಅಲ್ಲಿರುವುದು ರವೀಂದ್ರನಾಥ ಠಾಗೋರರ ಹೆಸರಿನ ತೀರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ಬಂದು ಉಳಿದಿದ್ದರು. ಕೋಣೆ ಬಾಡಿಗೆ ಸೊನ್ನೆ, ಊಟ ಅತ್ತಿಗೆಯ ಮನೆಯದು. ಇಷ್ಟು ಅಗ್ಗದ ಪ್ರವಾಸ ಆಮೇಲೆ ಯಾರಿಗೂ ಆಗಿರಲಿಕ್ಕಿಲ್ಲ.

ಕುಮಟೆಯ ಸಂತೆ · ನವೆಂಬರ್ 4

ಶಿರವಾಡದ ಮಾತು ಬಂತು. ನನ್ನ ವಾದದ ತಿರುಳೇ ಅದು. ಜನ ಕೋಣೆಯ ದರ ನೂರು ಸಲ ಹುಡುಕುತ್ತಾರೆ, ಕೊನೆಯ ಎಂಟು ಹತ್ತು ಕಿಲೋಮೀಟರ್ ಮರೆಯುತ್ತಾರೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದಾಗಿನಿಂದ ನಮ್ಮ ಜಿಲ್ಲೆಯ ಕಥೆ ಇದು. ಹಳಿ ಬೆಟ್ಟದ ಬುಡದಲ್ಲಿ ಒಂದು ಗೆರೆ ಎಳೆದುಕೊಂಡು ಹೋಯಿತು, ಊರುಗಳು ಕಡಲ ಬದಿಯಲ್ಲಿ ಉಳಿದವು. ಗೋಕರ್ಣ ರೋಡ್ ಎಂಬ ನಿಲ್ದಾಣದ ಹೆಸರಿನಲ್ಲೇ ರೋಡ್ ಇದೆ, ಗೋಕರ್ಣ ಇಲ್ಲ. ಇಳಿದವರ ಎದುರು ಆಟೋ ಸಾಲು, ಊರಿಗೆ 250ರಿಂದ 300 ಹೇಳುತ್ತಾರೆ. ರೈಲಿಗೆ ಕೊಟ್ಟದ್ದು 30 ಇರಬಹುದು. ಬೆನ್ನಿಗೆ ಚೀಲ ಇದ್ದವನಿಗೆ ದಾರಿ ಇದೆ: ಹೆದ್ದಾರಿಯ ಮಾದನಗೇರಿಯವರೆಗೆ ನಡೆದು, ಅಲ್ಲಿ ಗೋಕರ್ಣದ ಬಸ್ಸೋ ಟೆಂಪೋವೋ ಹಿಡಿಯುವುದು. ಹತ್ತಿಪ್ಪತ್ತು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಟೆಂಪೋ ಎಂದರೆ ಸಾಮಾನಿನ ಗಾಡಿಯಲ್ಲ. ನಮ್ಮ ಹೆದ್ದಾರಿಯಲ್ಲಿ ಕೈ ಮಾಡಿದಲ್ಲಿ ನಿಲ್ಲುವ, ಜನ ತುಂಬುವವರೆಗೆ ಹೊರಡದ ವ್ಯಾನುಗಳನ್ನು ಹಾಗೆ ಕರೆಯುತ್ತೇವೆ. ಗಡಿಯಾರ ನೋಡುವವರಿಗೆ ಹೇಳಿ ಮಾಡಿಸಿದ್ದಲ್ಲ.

ಲೆಕ್ಕದ ಪುಸ್ತಕ · ನವೆಂಬರ್ 5

ಕೋಣೆಯ ದರದ ಬಗ್ಗೆ ಒಂದು ಒಣ ವಿಷಯ. ದಿನಕ್ಕೆ ಸಾವಿರದೊಳಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ 12 ಶೇಕಡಾ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. 800ರ ಕೋಣೆಗೆ 96 ಕೊಡುತ್ತಿದ್ದವರು ಈಗ 40 ಕೊಡಬೇಕು. ಹಳೆಯ ದರವನ್ನೇ ಹಚ್ಚಿದ ಬಿಲ್ಲು ಕಂಡರೆ ನಯವಾಗಿ ಕೇಳಿ. ಇನ್ನೊಂದು: ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಮನೆವಾಸ್ತವ್ಯದವರು ನೋಂದಣಿ ಮಾಡಿಸಬೇಕಿಲ್ಲ, ನೇರವಾಗಿ ಫೋನ್ ಮಾಡಿದರೆ ತೆರಿಗೆ ಬರುವುದಿಲ್ಲ. ಅದೇ ಮನೆಯನ್ನು ಮೊಬೈಲ್ ಆ್ಯಪ್ ಮೂಲಕ ಕಾಯ್ದಿರಿಸಿದರೆ ಆ್ಯಪ್‌ನವರು ತೆರಿಗೆ ಹಾಕಲೇಬೇಕು, ಅವರ ದಲ್ಲಾಳಿ ಹಣವೂ ಒಳಗೇ ಸೇರಿರುತ್ತದೆ. ದರ ಆ್ಯಪಿನಲ್ಲಿ ನೋಡಿ, ಮಾತು ಫೋನಿನಲ್ಲಿ ಆಡಿ.

ಅಡಿಕೆ ಚಪ್ಪರ · ನವೆಂಬರ್ 5

ಶಿರಸಿಯಿಂದ. ನಮ್ಮ ಕಡೆ ಕೋಣೆ, ಊಟ ಎರಡೂ ಕಡಲ ಬದಿಗಿಂತ ಅಗ್ಗ. ಖಾನಾವಳಿಯಲ್ಲಿ 90ಕ್ಕೆ ಹೊಟ್ಟೆ ತುಂಬುತ್ತದೆ, ಅದೃಷ್ಟವಿದ್ದರೆ ತಂಬುಳಿ, ಅಪ್ಪೆಹುಳಿಯೂ ಇರುತ್ತದೆ. ದುಡ್ಡು ಹೋಗುವುದು ಊರಿನಿಂದ ಹೊರಗೆ. ಯಾಣ, ಉಂಚಳ್ಳಿ, ಸಹಸ್ರಲಿಂಗ ಎಲ್ಲವೂ ಕಾಡೊಳಗೆ. ಯಾಣಕ್ಕೆ ಬಸ್ಸು ಬೆರಳೆಣಿಕೆ. ಒಂದು ತಪ್ಪಿದರೆ ಬಾಡಿಗೆ ಗಾಡಿಯವರು ಕಾಯುವುದೂ ಸೇರಿ ಸಾವಿರದ ಮೇಲೆ ಹೇಳುತ್ತಾರೆ, ಅದರಲ್ಲಿ ಅನ್ಯಾಯವೂ ಇಲ್ಲ, ಹಿಂದಕ್ಕೆ ಖಾಲಿ ಬರಬೇಕಲ್ಲ. ಒಬ್ಬರೇ ಇದ್ದವರಿಗೆ ಬನವಾಸಿ ಸುಲಭ. ಹಳೆ ಬಸ್ ನಿಲ್ದಾಣವೋ ಹೊಸದೋ ಎಂದು ವಿಚಾರಿಸಿಕೊಂಡರೆ ಸಾಕು, ಬಸ್ಸು ಸಿಗುತ್ತಲೇ ಇರುತ್ತದೆ, ಮಧುಕೇಶ್ವರನ ಗುಡಿಗೆ ಟಿಕೆಟ್ಟೂ ಇಲ್ಲ. ಯಾಣ ನೋಡಲೇಬೇಕೆಂದರೆ ಲಾಡ್ಜಿನಲ್ಲಿ ಇನ್ನಿಬ್ಬರನ್ನು ಜೊತೆ ಮಾಡಿಕೊಳ್ಳಿ, ಅಥವಾ ಅದನ್ನೊಂದು ದುಬಾರಿ ದಿನ ಎಂದು ಮೊದಲೇ ಒಪ್ಪಿಕೊಂಡು 700 ಬೇರೆ ಇಡಿ.

ನಗದು ತನ್ನಿ. ಘಟ್ಟದಲ್ಲಿ ಮೊಬೈಲ್ ಸಂಕೇತ ಸತ್ತ ಜಾಗದಲ್ಲಿ ಯುಪಿಐ ನಂಬಿ ಎಳನೀರು ಕುಡಿದವರು ಏನು ಮಾಡುತ್ತಾರೆಂದು ನಾನು ನೋಡಿದ್ದೇನೆ. ಎಳನೀರಿನವಳು ಅವನ ಟೋಪಿ ಇಟ್ಟುಕೊಂಡಳು, ಅವನು ಎರಡು ಕಿಲೋಮೀಟರ್ ಮೇಲೆ ಹತ್ತಿ ದುಡ್ಡು ಕಳಿಸಿ, ಇಳಿದು ಬಂದು ಟೋಪಿ ಬಿಡಿಸಿಕೊಂಡ.

ಮೊದಲ ಚೀಲ · ನವೆಂಬರ್ 5

ಪಟ್ಟಿ ಹರಿದೆ. ಮೂರೇ ಊರು. ಶನಿ, ಭಾನು ಕಾರವಾರ. ಸೋಮ, ಮಂಗಳ, ಬುಧ ಗೋಕರ್ಣ. ಗುರು, ಶುಕ್ರ ಶಿರಸಿ. ವಾರಾಂತ್ಯದ ದರ ಗೋಕರ್ಣದಲ್ಲಿ ಏರುತ್ತದೆ ಎಂದು ಕೇಳಿ ಹೀಗೆ ಹೊಂದಿಸಿದೆ. 7,150 ಮತ್ತು 700, ಒಟ್ಟು 7,850. ಮೇಲೆ 1,500ನ್ನು ಆಪತ್ತಿಗೆಂದು ಬೇರೆ ಜೇಬಿನಲ್ಲಿ ಇಡುತ್ತೇನೆ. ದೇವಸ್ಥಾನದ ಊಟವನ್ನು ಲೆಕ್ಕಕ್ಕೆ ಹಿಡಿಯಬಹುದೇ?

ಕುಮಟೆಯ ಸಂತೆ · ನವೆಂಬರ್ 5

ಜಾಣತನ ಮಾಡಿದಿರಿ, ಆದರೆ ಪಂಚಾಂಗ ನೋಡಲಿಲ್ಲ. 17ನೇ ತಾರೀಕು ಕಾರ್ತಿಕದ ಕೊನೆಯ ಸೋಮವಾರ. ಮಹಾಬಲೇಶ್ವರನ ಊರಿಗೆ ಆ ದಿನವೇ ಹೋಗುತ್ತಿದ್ದೀರಿ.

ಹಳೆ ಸೈಕಲ್ · ನವೆಂಬರ್ 5

ದೇವಸ್ಥಾನದ ಊಟ ಉಣ್ಣಬಹುದು, ಲೆಕ್ಕಕ್ಕೆ ಹಿಡಿಯಬಾರದು. ಗೋಕರ್ಣದಲ್ಲಿ, ಸೋದೆ ಮಠದಲ್ಲಿ, ಶಿರಸಿಯ ಮಾರಿಕಾಂಬೆಯಲ್ಲಿ ಬಂದವರಿಗೆ ಊಟ ಹಾಕುತ್ತಾರೆ, ಯಾರೂ ಲೆಕ್ಕ ಕೇಳುವುದಿಲ್ಲ. ಯಾರೂ ಕೇಳದಿರುವುದರಿಂದಲೇ ನಾವು ಕೇಳಿಕೊಳ್ಳಬೇಕು. ದಿನವೂ ಅಲ್ಲೇ ಉಂಡು ನೋಡು ಎಷ್ಟು ಉಳಿಸಿದೆ ಎಂದು ಬರೆಯುವ ಹುಡುಗರನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ದಿನ ಕೂತು ಉಣ್ಣಿ, ಹುಂಡಿಗೆ ಹೊರಗಿನ ಊಟದ ಅರ್ಧವಾದರೂ ಹಾಕಿ.

ಲೆಕ್ಕದ ಪುಸ್ತಕ · ನವೆಂಬರ್ 6

ಹುಂಡಿಗೆ ಹಾಕಿದ್ದನ್ನು ಊಟದ ಸಾಲಿನಲ್ಲೇ ಬರೆಯಿರಿ, ದಾನದ ಸಾಲಿನಲ್ಲಿ ಅಲ್ಲ.

ಒಂಟಿ ಪಯಣ · ನವೆಂಬರ್ 6

ಚಿಲ್ಲರೆ, ಚಿಲ್ಲರೆ, ಚಿಲ್ಲರೆ. ಹತ್ತು, ಇಪ್ಪತ್ತರ ನೋಟು ಒಂದು ಕಟ್ಟು ಇಟ್ಟುಕೊಳ್ಳಿ. 2025ರ ಜನವರಿ 5ರಿಂದ ದರ 15 ಶೇಕಡಾ ಏರಿದ ಮೇಲೆ ಬಸ್ಸಿನೊಳಗೆ ಚಿಲ್ಲರೆಯ ಜಗಳ ಹೆಚ್ಚಾಗಿದೆ. ನನಗೆ ಶೂನ್ಯ ಟಿಕೆಟ್, ನಿಶ್ಚಿಂತೆಯಿಂದ ಕೂತು ಕೇಳುತ್ತೇನೆ.

ಮೊದಲ ಚೀಲ · ನವೆಂಬರ್ 24

ಬಂದೆ. ಶನಿವಾರ ಸಂಜೆ ಶಿರಸಿಯಿಂದ ಮನೆಗೆ ಮುಟ್ಟಿದೆ, ನಿನ್ನೆಯೆಲ್ಲ ಮಲಗಿದೆ. ಮನೆಗೆ ಮರಳಿದ ಬಸ್ಸು ಬಿಟ್ಟು ಉಳಿದದ್ದೆಲ್ಲ ಇಲ್ಲಿದೆ. ಪ್ರತಿ ರಾತ್ರಿ ಮಲಗುವ ಮೊದಲು ಬರೆದದ್ದು, ಎರಡು ಪುಟಕ್ಕೆ ಬಂಗಡೆ ಸಾರಿನ ಕಲೆಯೂ ಇದೆ.

ಶನಿವಾರ 1,160. ಧಾರವಾಡದಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬಂದ ಬಸ್ಸು 220, ಕೋಣೆ 650, ಊಟ ತಿಂಡಿ 290. ಕಾರವಾರದಲ್ಲಿ 400ರ ಕೋಣೆ ಎಂಬುದು ನನ್ನ ಕನಸು ಅಷ್ಟೇ, ಡಾರ್ಮಿಟರಿ ಸಂಸ್ಕೃತಿ ಅಲ್ಲಿಗೆ ಅಷ್ಟಾಗಿ ಬಂದಿಲ್ಲ. ಭಾನುವಾರ 1,020. ಕೋಣೆ ಅದೇ, ಊಟ 310, ಯುದ್ಧನೌಕೆಯ ಸಂಗ್ರಹಾಲಯ ಮತ್ತು ಸದಾಶಿವಗಡದ ಬಸ್ಸು ಸೇರಿ 60. ಬಸ್ಸು ಕಾಳಿ ದಾಟುವಾಗ ಪಕ್ಕದಲ್ಲಿ ಹಳೆಯ ಸೇತುವೆ ಇದ್ದ ಜಾಗವನ್ನು ನೋಡಿದೆ. 2024ರ ಆಗಸ್ಟ್ 7ರ ಬೆಳಗಿನ ಜಾವ ಕುಸಿದದ್ದು. ಬಸ್ಸಿನಲ್ಲಿ ಎಲ್ಲರೂ ಆ ಕಡೆಗೇ ತಿರುಗುತ್ತಾರೆ, ದಿನವೂ ಹೋಗುವವರೂ. ಇಸವಣ ಕೇಳಲಿಲ್ಲ. ವಾಸನೆ ಮಾತ್ರ ಪುಕ್ಕಟೆ.

ಸೋಮವಾರ 1,275. ಪಂಚಾಂಗದ ಮಾತು ನಿಜವಾಯಿತು. ಬಸ್ಸಿಗೆ 85. ಫೋನಿನಲ್ಲಿ 500 ಎಂದ ಹಾಸಿಗೆ ಅಲ್ಲಿ ನಿಂತಾಗ ಇವತ್ತೊಂದು ದಿನ 700 ಆಯಿತು. ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಕುಡ್ಲೆ ತೀರದ ಕಡೆಗೆ ಆಟೋದವನು 150 ಎಂದ, ಕೊಟ್ಟೆ. ನಡೆಯಬಹುದಿತ್ತು. ಕುಮಟೆಯ ಸಂತೆಯವರು ವರ್ಣಿಸಿದ ಮನುಷ್ಯ ನಾನೇ ಆಗಿದ್ದೆ. ಊಟಕ್ಕೆ 340.

ಮಂಗಳವಾರ 760. ಇಡೀ ವಾರದಲ್ಲಿ ಅತಿ ಅಗ್ಗದ ದಿನ, ಅತಿ ಒಳ್ಳೆಯ ದಿನವೂ. ಹಾಸಿಗೆ 500ಕ್ಕೆ ಇಳಿಯಿತು. ಮಧ್ಯಾಹ್ನ ದೇವಸ್ಥಾನದ ಪಂಕ್ತಿಯಲ್ಲಿ ಕೂತೆ. ನನ್ನ ಎದುರಿಗೆ ಒಬ್ಬ ಅಜ್ಜ, ಬಾಗಲಕೋಟೆ ಕಡೆಯವರು, ಅನ್ನದ ಗುಡ್ಡೆಯ ನಡುವೆ ಬೆರಳಿನಿಂದ ಕುಳಿ ಮಾಡಿ ಸಾರು ನಿಲ್ಲಿಸಿಕೊಂಡು, ಒಂದು ಹನಿ ಆಚೆ ಹರಿಯಲು ಬಿಡದೆ ಉಂಡರು. ಹುಂಡಿಗೆ 50 ಹಾಕಿದೆ, ಊಟದ ಸಾಲಿನಲ್ಲೇ ಬರೆದಿದ್ದೇನೆ.

ಬುಧವಾರ 1,220. ಬೆಳಿಗ್ಗೆ ತದಡಿಗೆ ಹೋಗಿ ಬಾರ್ಜಿನಲ್ಲಿ ಅಘನಾಶಿನಿ ದಾಟಿ ವಾಪಸು ಬಂದೆ, ಟೆಂಪೋ ಸೇರಿ 90. ಅಷ್ಟರಲ್ಲಿ ನಿಲ್ಲಿಸಬೇಕಿತ್ತು. ಸಂಜೆ ಓಂ ತೀರದಿಂದ ಹಾಫ್ ಮೂನ್‌ವರೆಗೆ ಗುಡ್ಡದ ದಾರಿಯಲ್ಲಿ ನಡೆದೆ. ಸೂರ್ಯ ಮುಳುಗುವುದನ್ನು ನೋಡಿ ತಿರುಗಿದರೆ ದಾರಿಯೇ ಕಾಣುವುದಿಲ್ಲ, ಮೊಬೈಲಿನ ಬ್ಯಾಟರಿ ಒಂಬತ್ತು ಶೇಕಡಾ. ದೋಣಿಯವನು ಕೊನೆಯ ಸವಾರಿ ಎಂದು 300 ಕೇಳಿದ. ಚೌಕಾಸಿ ಮಾಡುವ ಮುಖ ನನಗಿರಲಿಲ್ಲ. ಹಾಸಿಗೆ 500, ಊಟ 330.

ಗುರುವಾರ 1,090. ಗೋಕರ್ಣದಿಂದ ಕುಮಟಾ 45, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ 85, ಕೋಣೆ 600, ಊಟ 300, ಚಪ್ಪಲಿಯ ಪಟ್ಟಿ ಹರಿದು ಹೊಲಿಸಿದ್ದಕ್ಕೆ 60. ಶುಕ್ರವಾರ 1,400. ಬನವಾಸಿಗೆ ಹೋಗಿ ಬರಲು 70, ಕೋಣೆ 600, ಊಟ 250. ಉಳಿದ 480 ಮನೆಗೆಂದು ತೆಗೆದುಕೊಂಡ ತೊಡೆದೇವು ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ.

ಒಟ್ಟು 7,925. ಯಾಣಕ್ಕೆ ಹೋಗಲಿಲ್ಲ, ಜೊತೆ ಸಿಗಲಿಲ್ಲ. ಅದಕ್ಕೆಂದು ಇಟ್ಟ 700ರಲ್ಲಿ ದೋಣಿ ಮತ್ತು ಉಪ್ಪಿನಕಾಯಿ ಕೂತವು, 80 ಹೆಚ್ಚಾಯಿತು. ಆಪತ್ತಿನ 1,500 ಹಾಗೇ ಇದೆ.

ಲೆಕ್ಕದ ಪುಸ್ತಕ · ನವೆಂಬರ್ 24

ಕೂಡಿಸಿ ನೋಡಿದೆ, ಸರಿಯಿದೆ. ಉಪ್ಪಿನಕಾಯಿ ಪ್ರವಾಸದ ಖರ್ಚಲ್ಲ, ಮನೆಯ ಖರ್ಚು. ಅದನ್ನು ತೆಗೆದರೆ 7,445.

ಅಡಿಕೆ ಚಪ್ಪರ · ನವೆಂಬರ್ 24

ಅಪ್ಪೆಮಿಡಿಯನ್ನು ಖರ್ಚು ಎನ್ನುವವರ ಜೊತೆ ನನಗೆ ಮಾತಿಲ್ಲ.

ಒಂಟಿ ಪಯಣ · ನವೆಂಬರ್ 24

ಚಿಲ್ಲರೆ ಒಯ್ದಿದ್ದಿರಾ?

ಮೊದಲ ಚೀಲ · ನವೆಂಬರ್ 24

ಬುಧವಾರಕ್ಕೇ ಮುಗಿದಿತ್ತು. ಕುಮಟಾದಿಂದ ಶಿರಸಿಗೆ 100ರ ನೋಟು ಕೊಟ್ಟೆ. ಕಂಡಕ್ಟರ್ ಟಿಕೆಟಿನ ಹಿಂದೆ 15 ಎಂದು ಬರೆದು ಸುತ್ತು ಹಾಕಿ, ಇಳಿಯುವಾಗ ಕೊಡುತ್ತೇನೆ ಎಂದರು. ಘಟ್ಟದ ತಿರುವುಗಳಲ್ಲಿ ನಿದ್ದೆ ಹತ್ತಿತು, ಶಿರಸಿ ಎಂದು ಕೂಗಿದಾಗ ಚೀಲ ಎಳೆದುಕೊಂಡು ಇಳಿದುಬಿಟ್ಟೆ. ಆ ಟಿಕೆಟ್ ಲೆಕ್ಕದ ಪುಸ್ತಕದೊಳಗೆ ಗುರುವಾರದ ಪುಟದಲ್ಲೇ ಇದೆ. ಹಾಗೆ ನೋಡಿದರೆ ಒಟ್ಟು 7,940.